ಹೆಬ್ಬೆಟ್ಟಿನ ಋಣ

ನಮ್ಮ ನಾಡಿನ ಕೋರ್ಟು ಕಚೇರಿಗಳಲ್ಲಿ ಬಳಕೆಯಾಗುವ ಮಾತುಗಳ ಮೂಲವನ್ನು ಅರಸುತ್ತ ಹೋದವರಿಗೆ ಹಲವು ಶತಮಾನಗಳ ಆಳ್ವಿಕೆಯ ಕಥೆಯೇ ಎದುರಾಗುತ್ತದೆ. ಫಿರ್ಯಾದಿ, ಜಾಮೀನು, ಹುಕುಂ, ಅರ್ಜಿ, ತಕರಾರು ಮುಂತಾದುವೆಲ್ಲ ಅರಬ್ಬಿ ಪಾರಸಿಗಳಿಂದ ಬಂದು ಕನ್ನಡದ ಜಗುಲಿಯಲ್ಲಿ ಇಳಿದುಕೊಂಡು, ಬರಬರುತ್ತ ಒಳಮನೆಯನ್ನೂ ಸೇರಿದ ಮಾತುಗಳು. ‘ವಕೀಲ’ ಎಂಬುದೂ ಅಂಥದೇ. ಅರಬ್ಬಿಯಲ್ಲಿ ಅದರ ಅರ್ಥ ಬಲು ಘನವಾದುದು. ಯಾರಿಗೆ ತನ್ನ ಕಾರ್ಯವನ್ನು ಒಪ್ಪಿಸಲಾಗಿದೆಯೋ, ಯಾರ ಮೇಲೆ ಭಾರ ಹಾಕಿ ನಿಶ್ಚಿಂತನಾಗಬಹುದೋ ಅವನು ವಕೀಲ. ಇಸ್ಲಾಂ ಧರ್ಮದಲ್ಲಿ ಭಗವಂತನ ನಾಮಗಳಲ್ಲಿ ಇದೂ ಒಂದೆಂದು ಬಲ್ಲವರು ಹೇಳುತ್ತಾರೆ. ಹಾಗೆ ಒಪ್ಪಿಸಿಕೊಡುವ ಕ್ರಿಯೆಯೇ ವಕಾಲತ್ತು. ಒಪ್ಪಿಸಿಕೊಟ್ಟ ಪತ್ರವೇ ವಕಾಲತ್ತುನಾಮೆ.

ಇಂದು ಆ ಪತ್ರ ಅಚ್ಚಾದ ನಮೂನೆಯಾಗಿದೆ. ಕೋರ್ಟಿನ ಆವರಣದಲ್ಲಿ, ಮರದ ಕೆಳಗಿನ ಮೇಜಿನ ಮೇಲೆ ಅದು ದೊರೆಯುತ್ತದೆ. ನನ್ನ ಪರವಾಗಿ ಹಾಜರಾಗಲು, ವಾದಿಸಲು, ರಾಜಿ ಮಾಡಿಕೊಳ್ಳಲು, ಹಣವನ್ನು ಪಡೆಯಲು, ರಸೀತಿ ಕೊಡಲು ಇಂಥವರಿಗೆ ಅಧಿಕಾರ ಕೊಟ್ಟಿದ್ದೇನೆ ಎಂಬ ಅರ್ಥದ ಸಾಲುಗಳು ಅದರಲ್ಲಿ ಒಂದರ ಹಿಂದೊಂದು ನಿಂತಿರುತ್ತವೆ. ಓದು ಬಲ್ಲವನು ಆತುರದಲ್ಲಿ ಓದದೆ ರುಜು ಹಾಕುತ್ತಾನೆ. ಓದು ಬಾರದವನು ಮಸಿಯ ಪೆಟ್ಟಿಗೆಗೆ ಹೆಬ್ಬೆಟ್ಟು ತಾಗಿಸಿ, ತೋರಿಸಿದ ಕಡೆ ಒತ್ತಿ, ಉಳಿದ ಮಸಿಯನ್ನು ಗೋಡೆಗೆ ಒರೆಸಿ ಊರಿಗೆ ಹೋಗುತ್ತಾನೆ. ಅಲ್ಲಿಂದಾಚೆಗೆ ಅವನ ಹೊಲ, ಮನೆ, ಮಗಳ ಜೀವನಾಂಶ, ಸತ್ತ ಮಗನ ಪರಿಹಾರದ ಹಣ ಎಲ್ಲವೂ ಇನ್ನೊಬ್ಬರ ಮಾತಿನಲ್ಲಿ, ಇನ್ನೊಬ್ಬರ ಕೈಯಲ್ಲಿ ಇರುತ್ತವೆ. ಆ ಕೈ ಶುದ್ಧವಾಗಿರದೆ ಹೋದರೆ ಗತಿಯೇನು ಎಂಬುದೇ ಈ ಲೇಖನದ ಪ್ರಶ್ನೆ.

ಕನ್ನಡ ಪಾಠ ಹೇಳಿಕೊಂಡಿರುವವನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನಾನು ಕಾನೂನು ಓದಿದವನಲ್ಲ. ಆದರೆ ಬಿ.ಎ. ತರಗತಿಯ ವಿದ್ಯಾರ್ಥಿಗಳು ಕೆಲವೊಮ್ಮೆ ಪಠ್ಯದಲ್ಲಿಲ್ಲದ ಕಾಗದಗಳನ್ನೂ ತರುತ್ತಾರೆ. ಕೆಲವು ವರ್ಷಗಳ ಹಿಂದೆ ಹಳ್ಳಿಯಿಂದ ಬರುವ ಹುಡುಗನೊಬ್ಬ ಬಟ್ಟೆಯಲ್ಲಿ ಸುತ್ತಿದ ಕಟ್ಟೊಂದನ್ನು ಮೇಜಿನ ಮೇಲಿಟ್ಟು, “ಸಾರ್, ಇದರಲ್ಲಿ ಏನು ಬರೆದಿದೆ ಅಂತ ನಮ್ಮ ತಾತ ಕೇಳಿಕೊಂಡು ಬಾ ಅಂದರು” ಎಂದ. ಬಿಚ್ಚಿ ನೋಡಿದೆ. ಅಕ್ಷರಗಳು ಕನ್ನಡದವೇ. ಆದರೆ ವಾಕ್ಯವೊಂದು ಅರ್ಧ ಪುಟ ಹರಿದು, ಕರ್ತೃ ಎಲ್ಲಿ ಕ್ರಿಯೆ ಎಲ್ಲಿ ಎಂದು ನಾನೇ ಬೆರಳಿಟ್ಟು ಹುಡುಕಬೇಕಾಯಿತು. ಹಳಗನ್ನಡದ ಚಂಪೂ ಕಾವ್ಯಕ್ಕೆ ಟೀಕೆಯಾದರೂ ಉಂಟು, ಇದಕ್ಕೆ ಅದೂ ಇಲ್ಲ. ಕೊನೆಗೆ ತಿಳಿದದ್ದಿಷ್ಟು: ಆ ಮುದುಕನ ದಾವೆ ಅವನ ಪರವಾಗಿಯೇ ತೀರ್ಮಾನವಾಗಿತ್ತು, ಅವನ ವಕೀಲರು ಎಲ್ಲವನ್ನೂ ಕ್ರಮವಾಗಿಯೇ ನಡೆಸಿದ್ದರು. ಹುಡುಗ ಸಂತೋಷದಿಂದ ಹೋದ. ನನಗೆ ಮಾತ್ರ ಒಂದು ಯೋಚನೆ ಉಳಿಯಿತು. ಇಷ್ಟು ವರ್ಷ ಆ ಮುದುಕನಿಗೆ ಇದ್ದ ರಕ್ಷಣೆ ಯಾವುದು? ಅವನ ಕೈಯಲ್ಲಿದ್ದ ಕಾಗದವಲ್ಲ, ಅದು ಅವನಿಗೆ ತಿಳಿಯದು. ಕಾನೂನಲ್ಲ, ಅದೂ ತಿಳಿಯದು. ವಕೀಲರ ಸಜ್ಜನಿಕೆಯೊಂದೇ ಅವನಿಗಿದ್ದ ರಕ್ಷಣೆ.

ಇಂಥ ಸಜ್ಜನಿಕೆ ಆ ವೃತ್ತಿಯಲ್ಲಿ ಅಪರೂಪವೆಂದು ಹೇಳುವುದು ಕೃತಘ್ನತೆಯಾದೀತು. ಕನ್ನಡ ನಾಡು ನುಡಿಗಳ ಏಳಿಗೆಯ ಚರಿತ್ರೆಯಿಂದ ವಕೀಲರನ್ನು ತೆಗೆದುಹಾಕಿದರೆ ಉಳಿಯುವುದು ಅರ್ಧ ಚರಿತ್ರೆ. ಏಕೀಕರಣದ ಹರಿಕಾರರಾದ ಆಲೂರು ವೆಂಕಟರಾಯರು ಧಾರವಾಡದಲ್ಲಿ ವಕೀಲರಾಗಿದ್ದವರು. ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾದ ನಾಡಗೀತೆಯ ಕವಿ ಹುಯಿಲಗೋಳ ನಾರಾಯಣರಾಯರು ಗದಗಿನ ವಕೀಲರು. ಕಾದಂಬರಿಕಾರ ಕೆರೂರ ವಾಸುದೇವಾಚಾರ್ಯರು ಬಾಗಿಲುಕೋಟೆಯಲ್ಲಿ ವಕೀಲಿ ನಡೆಸಿದವರು. ಬಡ ಕಕ್ಷಿಗಾರನಿಂದ ಶುಲ್ಕ ಪಡೆಯದೆ, ಕೈಯಿಂದಲೇ ಸ್ಟಾಂಪಿನ ಹಣ ಕೊಟ್ಟ ಹಿರಿಯರ ನೆನಪು ಇಂದಿಗೂ ಊರೂರಿನಲ್ಲಿ ಹಸಿರಾಗಿದೆ. ಆದರೆ ನೂರು ಮಂದಿ ಸತ್ಯವಂತರ ನಡುವೆ ಒಬ್ಬನು ತಪ್ಪಿದರೂ ಅವನನ್ನು ನಂಬಿದವನ ಮನೆ ನೂರಕ್ಕೆ ನೂರು ಹಾಳಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ಹುಟ್ಟಿದ್ದು ಬೇಲಿಗಳೆಲ್ಲ ಹೊಲ ಮೇಯುತ್ತವೆಂದಲ್ಲ. ಮೇಯ್ದ ದಿನ ಹೊಲದ ಒಡೆಯನಿಗೆ ಬೇರೆ ದಿಕ್ಕಿಲ್ಲವೆಂದು.

ದಿಕ್ಕು ಇರಲೆಂದೇ ಕಾನೂನು ಒಂದು ವ್ಯವಸ್ಥೆಯನ್ನು ಮಾಡಿದೆ. ಬ್ರಿಟಿಷರ ಕಾಲದಲ್ಲಿ, ೧೮೭೯ರ ಕಾನೂನು ವೃತ್ತಿಗಾರರ ಅಧಿನಿಯಮ ಮತ್ತು ೧೯೨೬ರ ವಕೀಲರ ಪರಿಷತ್ತುಗಳ ಅಧಿನಿಯಮಗಳ ಅಡಿಯಲ್ಲಿ, ತಪ್ಪಿದ ವಕೀಲನನ್ನು ದಂಡಿಸುವ ಅಧಿಕಾರ ಕೊನೆಗೆ ಹೈಕೋರ್ಟಿನದಾಗಿತ್ತು. ಸ್ವತಂತ್ರ ಭಾರತದ ೧೯೬೧ರ ವಕೀಲರ ಅಧಿನಿಯಮವು ಆ ಅಧಿಕಾರವನ್ನು ವಕೀಲವೃಂದದ ಕೈಗೇ ಒಪ್ಪಿಸಿತು. ಪ್ರತಿ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಮೂವರ ಶಿಸ್ತು ಸಮಿತಿ ಇರುತ್ತದೆ; ಇಬ್ಬರು ಪರಿಷತ್ತಿನ ಸದಸ್ಯರು, ಒಬ್ಬರು ಹೊರಗಿನಿಂದ ಆರಿಸಿಕೊಂಡ ಅನುಭವಸ್ಥ ವಕೀಲರು. ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ವಿಷಯದಲ್ಲಿ ಸಿವಿಲ್ ಕೋರ್ಟಿಗಿರುವ ಅಧಿಕಾರ ಈ ಸಮಿತಿಗೂ ಉಂಟು. ವಿಚಾರಣೆ ಮುಗಿದ ಮೇಲೆ ಅದು ಮಾಡಬಹುದಾದದ್ದು ನಾಲ್ಕು: ದೂರನ್ನು ವಜಾ ಮಾಡಬಹುದು, ವಕೀಲನಿಗೆ ಛೀಮಾರಿ ಹಾಕಬಹುದು, ಇಷ್ಟು ಕಾಲ ವೃತ್ತಿ ಮಾಡಕೂಡದೆಂದು ಅಮಾನತಿನಲ್ಲಿಡಬಹುದು, ಇಲ್ಲವೆ ವಕೀಲರ ಪಟ್ಟಿಯಿಂದ ಅವನ ಹೆಸರನ್ನೇ ತೆಗೆದುಹಾಕಬಹುದು. ಅಲ್ಲಿಂದ ಭಾರತೀಯ ವಕೀಲರ ಪರಿಷತ್ತಿಗೆ ಮೇಲ್ಮನವಿ. ಆ ಬಳಿಕ ಸುಪ್ರೀಂ ಕೋರ್ಟಿಗೆ.

ಯಾವುದು ದುರ್ನಡತೆಯೆಂದು ಅಧಿನಿಯಮ ವ್ಯಾಖ್ಯಾನ ಮಾಡಿಲ್ಲ. ಆದರೆ ಭಾರತೀಯ ವಕೀಲರ ಪರಿಷತ್ತಿನ ೧೯೭೫ರ ನಿಯಮಾವಳಿ ದಾರಿ ತೋರಿಸುತ್ತದೆ. ಕಕ್ಷಿಗಾರನ ಹಣಕ್ಕೆ ಲೆಕ್ಕ ಇಡಬೇಕು. ಗೆದ್ದರೆ ಇಷ್ಟು ಪಾಲೆಂದು ಶುಲ್ಕ ಗೊತ್ತುಮಾಡಿಕೊಳ್ಳಕೂಡದು. ತಾನು ನಡೆಸಿದ ದಾವೆಯಲ್ಲಿ ಹರಾಜಿಗೆ ಬಂದ ಸ್ವತ್ತನ್ನು ತಾನೇ ಕೂಗಿ ಕೊಳ್ಳಕೂಡದು. ಕಕ್ಷಿಗಾರನು ತನ್ನಲ್ಲಿಟ್ಟ ವಿಶ್ವಾಸವನ್ನು ಯಾವ ಬಗೆಯಲ್ಲಿಯೂ ದುರುಪಯೋಗ ಮಾಡಕೂಡದು. ಓದಿದರೆ ಧರ್ಮಶಾಸ್ತ್ರದ ವಿಧಿನಿಷೇಧಗಳನ್ನು ಓದಿದಂತೆಯೇ ತೋರುತ್ತದೆ. ವಿಧಿ ಚೆನ್ನಾಗಿದೆ. ಅದು ನಡೆಯುವ ಬಗೆಯನ್ನು ಎರಡು ಮೊಕದ್ದಮೆಗಳಿಂದ ನೋಡೋಣ.

ಮೊದಲನೆಯದು ತಮಿಳುನಾಡಿನದು. ಎಪ್ಪತ್ತರ ಆಸುಪಾಸಿನ ಒಬ್ಬ ವೃದ್ಧ, ಕಿವಿ ಕೇಳಿಸದು. ಅವನ ಹೆಂಡತಿಯೂ ವೃದ್ಧೆ. ಇದ್ದ ಹಣವನ್ನು ಅವರು ತಾವು ಬಾಡಿಗೆಗಿದ್ದ ಮನೆಯ ಒಡತಿಗೆ ಸಾಲವಾಗಿ ಕೊಟ್ಟಿದ್ದರು. ಎರಡು ಪ್ರಾಮಿಸರಿ ನೋಟುಗಳು. ಒಂದು ೧೫,೦೦೦ ರೂಪಾಯಿಗೆ, ಇನ್ನೊಂದು ೫,೦೦೦ ರೂಪಾಯಿಗೆ. ಹಣ ಹಿಂದಕ್ಕೆ ಬಾರದಿದ್ದಾಗ ವಕೀಲರೊಬ್ಬರ ಬಳಿ ಹೋದರು. ವಕೀಲರು ಕೋರ್ಟು ಫೀಗೆಂದು ಹಣ ಪಡೆದರು; ದಾವೆ ಹೂಡಿದ್ದೇನೆಂದು ನಂಬಿಸಿದರು. ದಾವೆಗಳನ್ನು ಹೂಡಿರಲೇ ಇಲ್ಲ. ಪ್ರಾಮಿಸರಿ ನೋಟಿನ ಮೇಲೆ ದಾವೆ ಹೂಡಲು ಕಾನೂನು ಕೊಡುವ ವಾಯಿದೆ ಮೂರು ವರ್ಷ ಮಾತ್ರವೆಂಬುದನ್ನು ನೆನೆದರೆ, ಆ ಸುಳ್ಳು ಭರವಸೆಯ ಒಂದೊಂದು ದಿನವೂ ಮುದುಕರ ಗಂಟಿನಿಂದ ಒಂದೊಂದು ನಾಣ್ಯ ಜಾರಿಹೋದಂತೆಯೇ ಸರಿ. ಕಿವಿ ಕೇಳಿಸದವನಿಗೆ ಕೋರ್ಟಿನ ಕೂಗೂ ಕೇಳಿಸದು. ‘ಮುಂದಿನ ತಾರೀಖು’ ಎಂದು ವಕೀಲರು ಸನ್ನೆ ಮಾಡಿದರೆ ಅದೇ ಅವನಿಗೆ ವೇದವಾಕ್ಯ.

ರಾಜ್ಯದ ಶಿಸ್ತು ಸಮಿತಿ ಆ ವಕೀಲರನ್ನು ಆರು ವರ್ಷ ಅಮಾನತಿನಲ್ಲಿಟ್ಟಿತು. ಭಾರತೀಯ ವಕೀಲರ ಪರಿಷತ್ತು ಅದನ್ನು ಒಂದು ವರ್ಷಕ್ಕೆ ಇಳಿಸಿತು. ಅದೂ ಹೆಚ್ಚಾಯಿತೆಂದು ವಕೀಲರು ಸುಪ್ರೀಂ ಕೋರ್ಟಿಗೆ ಹೋದರು. ೧೯೭೮ರ ಅಕ್ಟೋಬರಿನಲ್ಲಿ ತೀರ್ಪು ಬಂದಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಹಿಂದೆ ತಲಚೇರಿಯಲ್ಲಿ ವಕೀಲರಾಗಿ, ಕೇರಳದಲ್ಲಿ ಮಂತ್ರಿಗಳಾಗಿ, ದೀನರ ಪಕ್ಷಪಾತಿಯೆಂದು ಹೆಸರಾದವರು. ತಪ್ಪು ಘೋರವೆಂಬುದನ್ನು ಅವರು ಒಪ್ಪಿದರು. ಆದರೆ ಶಿಕ್ಷೆಯ ಬಗೆಗೆ ಅವರ ಯೋಚನೆ ಹೊಸ ದಾರಿಯನ್ನು ಹಿಡಿಯಿತು. ವಕೀಲನನ್ನು ಸುಮ್ಮನೆ ಮನೆಯಲ್ಲಿ ಕೂರಿಸಿದರೆ ಯಾರಿಗೆ ಲಾಭ? ಅವನು ತಪ್ಪು ಮಾಡಿದ್ದು ದುರ್ಬಲನಿಗೆ. ಪ್ರಾಯಶ್ಚಿತ್ತವೂ ದುರ್ಬಲರ ಸೇವೆಯಲ್ಲಿಯೇ ಆಗಲಿ. ಅಮಾನತಿನ ಅವಧಿಯ ಒಂದು ಭಾಗದಲ್ಲಿ ಅವನು ಕಾನೂನು ನೆರವು ಮಂಡಳಿಯ ಅಡಿಯಲ್ಲಿ ಬಡವರ ಮೊಕದ್ದಮೆಗಳನ್ನು ಉಚಿತವಾಗಿ ನಡೆಸಲಿ. ಮೋಸಹೋದವನಿಗೆ ೨,೫೦೦ ರೂಪಾಯಿ ಕೊಟ್ಟು ರಸೀತಿ ತರಲಿ, ಎಂದು ಆಜ್ಞೆಯಾಯಿತು. ಅದೇ ಪೀಠದಲ್ಲಿದ್ದ ನ್ಯಾಯಮೂರ್ತಿ ಎ.ಪಿ. ಸೇನ್ ಅವರು ಇದಕ್ಕೆ ಒಪ್ಪಲಿಲ್ಲ. ವಕೀಲ ಕಕ್ಷಿಗಾರರ ಸಂಬಂಧ ಪೂರ್ಣ ವಿಶ್ವಾಸದ್ದು. ಇಂಥ ದ್ರೋಹಕ್ಕೆ ಪರಿಷತ್ತು ವಿಧಿಸಿದ ಶಿಕ್ಷೆಯಲ್ಲಿ ನ್ಯಾಯಾಲಯ ಕೈಹಾಕಬೇಕಾದ ಕಾರಣವಿಲ್ಲ ಎಂಬುದು ಅವರ ನಿಲುವು.

ಈ ತೀರ್ಪನ್ನು ಓದಿದಾಗ ಮನಸ್ಸು ಇಬ್ಬಗೆಯಾಗುತ್ತದೆ. ತಪ್ಪಿದವನಿಗೆ ತಿದ್ದಿಕೊಳ್ಳಲು ಅವಕಾಶ ಕೊಡುವುದು ಉದಾರವಾದ ದೃಷ್ಟಿ. ನಮ್ಮ ಪುರಾಣಗಳ ಬೇಡರೂ ಕಳ್ಳರೂ ಋಷಿಗಳಾದದ್ದು ಈ ನೆಲದಲ್ಲಿಯೇ. ಆದರೆ ಒಂದು ಮಾತು ಮುಳ್ಳಿನಂತೆ ಚುಚ್ಚುತ್ತದೆ. ಬಡವರ ಪ್ರಾಯಶ್ಚಿತ್ತವಲ್ಲವಷ್ಟೆ ಇದು? ಹಣವುಳ್ಳವನು ತನ್ನ ವಕೀಲನನ್ನು ಆರಿಸಿಕೊಳ್ಳುತ್ತಾನೆ. ಉಚಿತ ನೆರವನ್ನು ಬೇಡಿ ಬಂದವನಿಗೆ ಯಾರನ್ನು ಕೊಟ್ಟರೆ ಅವರೇ ಗತಿ. ವಿಶ್ವಾಸಘಾತಕ್ಕಾಗಿ ದಂಡನೆ ಹೊಂದಿದವನನ್ನೇ ಆ ಬಡವನ ಪಾಲಿಗೆ ನೇಮಿಸಿದರೆ, ಪಾಠ ಕಲಿಯುವ ವಕೀಲನಿಗೆ ಬಡವನ ಮೊಕದ್ದಮೆ ಬರೆದು ಅಳಿಸುವ ಹಲಗೆಯಾದಂತಾಗುವುದಿಲ್ಲವೇ? ಹೀಗಿದ್ದರೂ ಆ ತೀರ್ಪಿನಲ್ಲಿ ಒಂದು ಅಂಶವಿದೆ. ಅದನ್ನು ಬೇರೆಲ್ಲೂ ಸುಲಭವಾಗಿ ಕಾಣಲಾರೆವು. ಅದು ಆ ೨,೫೦೦ ರೂಪಾಯಿ. ಇಪ್ಪತ್ತು ಸಾವಿರದ ಮುಂದೆ ಅದು ಅಲ್ಪವೇ ಇರಬಹುದು. ಆದರೆ ಶಿಸ್ತಿನ ಲೆಕ್ಕಪುಸ್ತಕದಲ್ಲಿ ಮೋಸಹೋದವನ ಹೆಸರಿನಲ್ಲಿಯೂ ಒಂದು ಪುಟ ತೆರೆಯಿತಲ್ಲ, ಅದು ದೊಡ್ಡದು.

ಎರಡನೆಯ ಮೊಕದ್ದಮೆ ಉತ್ತರ ಪ್ರದೇಶದ ಲಖೀಂಪುರ ಖೇರಿಯದು. ಇಲ್ಲಿಯೂ ಕಕ್ಷಿಗಾರ ವೃದ್ಧ, ಬಡವ, ನಿರಕ್ಷರಿ. ಸರ್ಕಾರ ವಶಪಡಿಸಿಕೊಂಡ ಅವನ ಭೂಮಿಗೆ ಪರಿಹಾರವಾಗಿ ೮,೧೧೮ ರೂಪಾಯಿ ನ್ಯಾಯಾಲಯದಲ್ಲಿ ಠೇವಣಿಯಾಗಿತ್ತು. ೧೯೮೭ರಲ್ಲಿ ಅವನ ವಕೀಲರು ಅದನ್ನು ಅವನಿಗೆ ತಿಳಿಸದೆ ಪಡೆದುಕೊಂಡರು. ಸಂಗತಿ ತಿಳಿದು ಅವನು ದೂರು ಕೊಟ್ಟಾಗ, ನನ್ನ ಶುಲ್ಕ ಮುರಿದುಕೊಂಡು ಉಳಿದ ಹಣವನ್ನು ಕೊಟ್ಟಿದ್ದೇನೆಂದು ವಕೀಲರು ಹೇಳಿದರು. ಅಷ್ಟಕ್ಕೇ ನಿಲ್ಲದೆ, ದೂರುದಾರನೇ ರಾಜಿಯಾಗಿದ್ದಾನೆಂದು ಅವನ ಹೆಸರಿನಲ್ಲಿ ಪ್ರಮಾಣಪತ್ರವೊಂದೂ ಶಿಸ್ತು ಸಮಿತಿಯ ಮುಂದೆ ಬಂದಿತು. ಅದು ಸುಳ್ಳೆಂದು ವಿಚಾರಣೆಯಲ್ಲಿ ತಿಳಿಯಿತು. ಭಾರತೀಯ ವಕೀಲರ ಪರಿಷತ್ತು ಮೂರು ವರ್ಷ ಅಮಾನತು ಮಾಡಿತು. ಇಲ್ಲಿಯೂ ಮೇಲ್ಮನವಿ ತಂದವರು ವಕೀಲರೇ. ಆದರೆ ಈ ಬಾರಿ ಗಾಳಿ ಬೇರೆ ಕಡೆಗೆ ಬೀಸಿತು. ಶಿಕ್ಷೆಯನ್ನು ಏಕೆ ಹೆಚ್ಚಿಸಬಾರದೆಂದು ಸುಪ್ರೀಂ ಕೋರ್ಟು ಅವರನ್ನೇ ಕೇಳಿತು. ೨೦೦೨ರಲ್ಲಿ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರಿದ್ದ ಪೀಠವು, ಕಕ್ಷಿಗಾರನ ಹಣವನ್ನು ನುಂಗುವುದು ವಕೀಲನು ಮಾಡಬಹುದಾದ ಅತಿ ಘೋರ ತಪ್ಪುಗಳಲ್ಲಿ ಒಂದೆಂದು ಹೇಳಿ, ಅವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತು.

ಒಂದೇ ಬಗೆಯ ದ್ರೋಹ. ಒಂದೇ ಬಗೆಯ ದುರ್ಬಲ ಕಕ್ಷಿಗಾರ. ಒಮ್ಮೆ ಕರುಣೆ, ಒಮ್ಮೆ ಕಾಠಿಣ್ಯ. ಎರಡರಲ್ಲಿ ಯಾವುದು ಸರಿಯೆಂದು ಕಾನೂನು ಕಾಲೇಜುಗಳಲ್ಲಿ ಚರ್ಚೆ ನಡೆಯಬಹುದು, ನಡೆಯಲಿ. ನನಗೆ ತೋರುವ ಪ್ರಶ್ನೆ ಅದಕ್ಕಿಂತ ಕೆಳಗಿನದು. ಮೇಜಿನ ಆ ಬದಿಯಲ್ಲಿ ಆರು ವರ್ಷವೇ, ಮೂರು ವರ್ಷವೇ, ಒಂದು ವರ್ಷವೇ, ಎಂದೆಂದಿಗೂ ಬೇಡವೇ ಎಂಬ ತೂಕ ನಡೆಯುತ್ತಿದೆ. ಆ ತಕ್ಕಡಿಯಲ್ಲಿ ಕುಳಿತಿರುವವರು ವಕೀಲರು. ಇನ್ನೊಂದು ತಟ್ಟೆಯಲ್ಲಿರುವುದು ವೃತ್ತಿಯ ಗೌರವ. ಎರಡು ತಟ್ಟೆಗಳಲ್ಲಿಯೂ ಕಾಣದವನು ಆ ಮುದುಕ. ೧೯೮೭ರಲ್ಲಿ ಹೋದ ಹಣದ ವಿಷಯದಲ್ಲಿ ಕೊನೆಯ ಮಾತು ಹೊರಟದ್ದು ೨೦೦೨ರಲ್ಲಿ. ಪಟ್ಟಿಯಿಂದ ಹೆಸರು ಹೋಯಿತು, ಸರಿ. ಆದರೆ ಶಿಸ್ತು ಸಮಿತಿ ಮಾಡಬಹುದಾದ ನಾಲ್ಕು ಆಜ್ಞೆಗಳನ್ನು ಇನ್ನೊಮ್ಮೆ ಓದಿ ನೋಡಿ. ‘ಹೋದದ್ದನ್ನು ಹಿಂದಿರುಗಿಸು’ ಎಂಬ ಐದನೆಯ ಆಜ್ಞೆ ಅಲ್ಲಿಲ್ಲ.

ನಮ್ಮ ಪ್ರಾಚೀನ ಸ್ಮೃತಿಕಾರರು ಈ ವಿಷಯವನ್ನು ನೋಡಿದ ಬಗೆ ಬೇರೆ. ಮನುಸ್ಮೃತಿಯು ವ್ಯವಹಾರವನ್ನು ಹದಿನೆಂಟು ಪದಗಳಾಗಿ ವಿಂಗಡಿಸಿ, ಸಾಲವಾದ ಕೂಡಲೇ ಎರಡನೆಯ ಸ್ಥಾನವನ್ನು ಕೊಟ್ಟದ್ದು ನಿಕ್ಷೇಪಕ್ಕೆ, ಎಂದರೆ ನಂಬಿ ಇನ್ನೊಬ್ಬನಲ್ಲಿ ಇಟ್ಟ ಒಡವೆಗೆ. ಇಟ್ಟುಕೊಂಡವನು ಕೊಡದಿದ್ದರೆ ಅವನು ಕಳ್ಳನಿಗೆ ಸಮ. ಕಳ್ಳನಂತೆಯೇ ಅವನನ್ನು ದಂಡಿಸಬೇಕು, ಇಲ್ಲವೆ ಇಟ್ಟ ಒಡವೆಯಷ್ಟೇ ದಂಡ ತೆರಿಸಬೇಕು ಎಂದು ಅಲ್ಲಿದೆ. ಸ್ಮೃತಿಗಳಲ್ಲಿ ಇಂದಿಗೆ ಸಲ್ಲದುದು ಬಹಳವಿದೆ. ಅವುಗಳ ಕಾಲಕ್ಕೆ ಹಿಂದಿರುಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ ನಿಕ್ಷೇಪದ ಮಾತಿನಲ್ಲಿ ಅವರ ಕಣ್ಣು ಇಟ್ಟ ಒಡವೆಯ ಮೇಲಿತ್ತೆಂಬುದನ್ನು ಗಮನಿಸಬೇಕು. ವಕಾಲತ್ತೆಂಬುದು ನಿಕ್ಷೇಪವಲ್ಲದೆ ಬೇರೇನು? ನಾವು ಇಟ್ಟುಕೊಂಡವನ ನಡತೆಗೆ ಅಂಕ ಕೊಡುತ್ತ ಕುಳಿತು, ಇಟ್ಟದ್ದು ಏನಾಯಿತೆಂದು ಕೇಳುವುದನ್ನು ಮರೆತಿದ್ದೇವೆ.

ಹಣಕ್ಕಾಗಿ ಬೇರೆ ದಾರಿಗಳಿಲ್ಲವೇ ಎಂದು ಕೇಳುವವರುಂಟು. ಇವೆ. ಸಿವಿಲ್ ದಾವೆ ಹೂಡಬಹುದು; ವಿಶ್ವಾಸದ್ರೋಹವೆಂದು ಪೊಲೀಸರಿಗೆ ದೂರು ಕೊಡಬಹುದು. ಆದರೆ ಒಬ್ಬ ವಕೀಲನಿಂದ ಮನೆ ಕಳೆದುಕೊಂಡವನು ಇನ್ನೊಬ್ಬ ವಕೀಲನನ್ನು ಹುಡುಕಿ, ಇನ್ನೊಂದು ವಕಾಲತ್ತಿಗೆ ಅದೇ ಹೆಬ್ಬೆಟ್ಟನ್ನು ಒತ್ತಬೇಕು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕಟ್ಟಿದ ಜನಕ್ಕೆ ಇದು ಎಷ್ಟು ಸುಲಭವೆಂದು ವಾಚಕರೇ ಊಹಿಸಬಹುದು. ಗ್ರಾಹಕರ ನ್ಯಾಯಾಲಯದ ಬಾಗಿಲು ತೆರೆದೀತೆಂದು ಕೆಲವು ಕಾಲ ಆಸೆಯಿತ್ತು. ವೈದ್ಯರ ಸೇವೆಯನ್ನು ಸುಪ್ರೀಂ ಕೋರ್ಟು ೧೯೯೫ರಲ್ಲಿಯೇ ಗ್ರಾಹಕರ ಕಾನೂನಿನ ವ್ಯಾಪ್ತಿಗೆ ತಂದಿತು. ಆದರೆ ವಕೀಲರ ಸೇವೆ ಆ ಕಾನೂನಿಗೆ ಒಳಪಡುವುದಿಲ್ಲವೆಂದು ಅದೇ ನ್ಯಾಯಾಲಯ ೨೦೨೪ರ ಮೇ ತಿಂಗಳಲ್ಲಿ ತೀರ್ಮಾನಿಸಿತು. ವಕೀಲನು ಕಕ್ಷಿಗಾರನಿಗಷ್ಟೇ ಅಲ್ಲ, ನ್ಯಾಯಾಲಯಕ್ಕೂ ಕರ್ತವ್ಯವುಳ್ಳವನು. ಅವನ ವೃತ್ತಿಯನ್ನು ವ್ಯಾಪಾರದೊಡನೆ ಒಂದೇ ಸಾಲಿನಲ್ಲಿ ಕೂರಿಸಲಾಗದು ಎಂಬ ವಾದದಲ್ಲಿ ತೂಕವಿದೆ. ಒಪ್ಪೋಣ. ಆದರೆ ವೃತ್ತಿ ವ್ಯಾಪಾರಕ್ಕಿಂತ ಮೇಲಾದುದಾದರೆ, ಅದನ್ನು ನಂಬಿದವನಿಗೆ ದೊರೆಯುವ ಪರಿಹಾರ ಅಂಗಡಿಯ ಗಿರಾಕಿಗೆ ದೊರೆಯುವುದಕ್ಕಿಂತ ಕಡಮೆಯಾಗುವುದು ಯಾವ ನ್ಯಾಯ? ಎತ್ತರದ ಪೀಠಕ್ಕೆ ಎತ್ತರದ ಹೊಣೆಯಲ್ಲವೇ ಶೋಭೆ?

ವಕಾಲತ್ತುನಾಮೆಯ ಮೇಲೆ ವಕೀಲರ ಕಲ್ಯಾಣ ನಿಧಿಯ ಮುದ್ರೆಯೊಂದನ್ನು ಅಂಟಿಸುವುದನ್ನು ಹಲವರು ಕಂಡಿರಬಹುದು. ಕರ್ನಾಟಕದಲ್ಲಿ ಇದಕ್ಕಾಗಿ ೧೯೮೩ರ ಅಧಿನಿಯಮವಿದೆ. ೨೦೦೧ರಲ್ಲಿ ಕೇಂದ್ರದ ಅಧಿನಿಯಮವೂ ಬಂದಿತು. ವಕೀಲರು ಕಾಯಿಲೆ ಬಿದ್ದಾಗ, ತೀರಿಕೊಂಡಾಗ ಅವರ ಕುಟುಂಬಕ್ಕೆ ಆಸರೆಯಾಗುವ ಈ ನಿಧಿ ಆಗಬೇಕಾದದ್ದೇ. ಆದರೆ ಅದೇ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿದವನಿಗೆ ಅಂಥ ನಿಧಿಯಿಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳ ಅಪ್ರಾಮಾಣಿಕತೆಯಿಂದ ಹಣ ಕಳೆದುಕೊಂಡ ಕಕ್ಷಿಗಾರರಿಗೆ ಪರಿಹಾರ ಕೊಡಲು ಆ ವೃತ್ತಿಯವರಿಂದಲೇ ಕೂಡಿಸಿದ ನಿಧಿಯೊಂದು ದಶಕಗಳಿಂದ ನಡೆದುಬಂದಿದೆ. ಅಮೆರಿಕದ ರಾಜ್ಯಗಳಲ್ಲಿಯೂ ಕಕ್ಷಿಗಾರರ ರಕ್ಷಣೆಯ ನಿಧಿಗಳಿವೆ. ಒಬ್ಬನ ತಪ್ಪಿಗೆ ಎಲ್ಲರೂ ಏಕೆ ತೆರಬೇಕೆಂದು ಅಲ್ಲಿಯವರು ಕೇಳದೆ ಇರಲಿಲ್ಲ. ವೃತ್ತಿಯ ಮೇಲಿನ ನಂಬಿಕೆ ಎಲ್ಲರ ಸ್ವತ್ತು, ಅದರ ಬೇಲಿಯನ್ನು ಎಲ್ಲರೂ ಕೂಡಿಯೇ ಕಟ್ಟಬೇಕು ಎಂಬುದು ಅದಕ್ಕೆ ಉತ್ತರ.

ದ್ರೋಹ ಹಣದ ರೂಪದಲ್ಲಿಯೇ ಬರಬೇಕೆಂದಿಲ್ಲ. ೧೯೯೭ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ದೆಹಲಿಯ ಮೊಕದ್ದಮೆಯಲ್ಲಿ ವಕೀಲರು ತಮ್ಮ ಕಕ್ಷಿಗಾರ್ತಿಯಿಂದ, ವ್ಯಾಜ್ಯದಲ್ಲಿದ್ದ ಸ್ವತ್ತನ್ನೇ ತಾವು ಕೊಂಡು ಲಾಭಕ್ಕೆ ಮಾರಿದ್ದರು. ಅವರಿಗೆ ಒಂದು ವರ್ಷದ ಅಮಾನತಾಯಿತು. ೨೦೦೦ದಲ್ಲಿ ಬಂದ ಇನ್ನೊಂದು ಪ್ರಕರಣದಲ್ಲಿ, ಶುಲ್ಕ ಬಾಕಿಯಿದೆಯೆಂದು ಕಕ್ಷಿಗಾರನ ಕಾಗದಪತ್ರಗಳನ್ನು ವಕೀಲರು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ತೀರ್ಪಾಯಿತು. ಶುಲ್ಕಕ್ಕೆ ದಾವೆ ಹೂಡಬಹುದು, ಕಾಗದಗಳನ್ನು ಒತ್ತೆಯಿಡಲಾಗದು. ನಿರಕ್ಷರಿಗಳಾದ ಕಕ್ಷಿಗಾರರೇ ಹೆಚ್ಚಾಗಿರುವ ದೇಶದಲ್ಲಿ ಅಂಥ ಹಕ್ಕು ಎಂಥ ಅನರ್ಥಕ್ಕೆ ದಾರಿಯಾದೀತೆಂಬುದನ್ನು ನ್ಯಾಯಾಲಯ ಅಲ್ಲಿ ಮನಗಂಡಿತು. ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಮಾನದ ಪ್ರಶ್ನೆ. ಗಂಡನಿಂದ ಬೇರೆಯಾಗಿ, ಮಕ್ಕಳನ್ನು ತನ್ನ ಬಳಿ ಉಳಿಸಿಕೊಳ್ಳಲು ಹೋರಾಡುವ ಹೆಣ್ಣುಮಗಳು ತನ್ನ ಬದುಕಿನ ಗುಟ್ಟುಗಳನ್ನೆಲ್ಲ ವಕೀಲನ ಮುಂದೆ ಬಿಚ್ಚಿಡಬೇಕಾಗುತ್ತದೆ. ಆ ಅಸಹಾಯಕತೆಯನ್ನು ತನ್ನ ಇಚ್ಛೆಗೆ ಬಳಸಿಕೊಳ್ಳುವವನಿದ್ದರೆ, ಆಕೆ ಒಪ್ಪಿದಳೆಂಬ ಮಾತಿಗೆ ಬೆಲೆಯೆಷ್ಟು? ಅಮೆರಿಕದ ವಕೀಲರ ಸಂಘವು ತನ್ನ ಮಾದರಿ ನಿಯಮಗಳಲ್ಲಿ, ಮೊದಲೇ ಇದ್ದ ಸಂಬಂಧವಲ್ಲದ ಹೊರತು ಕಕ್ಷಿಗಾರರೊಡನೆ ದೇಹಸಂಬಂಧ ಕೂಡದೆಂದು ೨೦೦೨ರಲ್ಲಿ ಸ್ಪಷ್ಟವಾಗಿಯೇ ಬರೆಯಿತು. ನಮ್ಮ ನಿಯಮಾವಳಿಯಲ್ಲಿ ವಿಶ್ವಾಸದ ದುರುಪಯೋಗ ಕೂಡದೆಂಬ ಸಾಮಾನ್ಯ ವಾಕ್ಯವೇ ಇದಕ್ಕೂ ಆಧಾರವಾಗಬೇಕು.

ವಕೀಲರ ಕಡೆಯ ಮಾತನ್ನೂ ಕೇಳದೆ ಮುಂದೆ ಹೋಗುವುದು ಅನ್ಯಾಯವಾದೀತು. ಸೋತ ಕಕ್ಷಿಗಾರನ ಸಿಟ್ಟು ಮೊದಲು ತಿರುಗುವುದು ತನ್ನ ವಕೀಲನ ಮೇಲೆ. ಕೆಲವೊಮ್ಮೆ ಗೆದ್ದ ಎದುರಾಳಿಯ ವಕೀಲನ ಮೇಲೂ. ಹುರುಳಿಲ್ಲದ ದೂರೊಂದು ಪ್ರಾಮಾಣಿಕನ ಹೆಸರಿಗೆ ವರ್ಷಗಟ್ಟಲೆ ಮಸಿ ಬಳಿಯಬಲ್ಲುದು. ಆದುದರಿಂದಲೇ ದುರ್ನಡತೆಯನ್ನು ಸಂದೇಹಕ್ಕೆಡೆಯಿಲ್ಲದಂತೆ ಸಾಧಿಸಬೇಕೆಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಅದು ಹಾಗೆಯೇ ಇರತಕ್ಕದ್ದು. ಆದರೆ ಸಾಧಿಸುವ ಭಾರವೆಲ್ಲ ಯಾರ ಹೆಗಲ ಮೇಲಿದೆಯೆಂಬುದನ್ನು ಯೋಚಿಸಬೇಕು. ತಾನು ಮೋಸಹೋದೆನೆಂದು ಮೊದಲು ತಿಳಿಯಬೇಕು. ಕಾಗದ ಓದಬಾರದವನಿಗೆ ಅದು ತಿಳಿಯುವುದೇ ಕಷ್ಟ. ತಿಳಿದ ಮೇಲೆ ದೂರನ್ನು ಬರೆಯಬೇಕು, ಸಾಕ್ಷ್ಯ ತರಬೇಕು, ಜಿಲ್ಲೆಯ ಮೂಲೆಯಿಂದ ರಾಜಧಾನಿಗೆ ಓಡಾಡಬೇಕು. ಒಂದು ವರ್ಷದಲ್ಲಿ ರಾಜ್ಯದ ಸಮಿತಿ ವಿಚಾರಣೆ ಮುಗಿಸದಿದ್ದರೆ ಅದು ಭಾರತೀಯ ಪರಿಷತ್ತಿಗೆ ವರ್ಗವಾಗಬೇಕೆಂದು ಅಧಿನಿಯಮವೇ ಹೇಳುತ್ತದೆ. ವಿಳಂಬವನ್ನ ತಡೆಯಲು ಮಾಡಿದ ಒಳ್ಳೆಯ ನಿಯಮವೇ. ಆದರೆ ಬಡ ದೂರುದಾರನಿಗೆ ಅದು ಬೆಂಗಳೂರಿನ ದಾರಿಯನ್ನು ದಿಲ್ಲಿಯವರೆಗೆ ಎಳೆದಂತಾಗುತ್ತದೆ. ಅತ್ಯಂತ ದುರ್ಬಲನಾದವನನ್ನು ರಕ್ಷಿಸಲೆಂದು ಕಟ್ಟಿದ ವ್ಯವಸ್ಥೆ, ಅವನಲ್ಲಿ ಇಲ್ಲದ ಬಲವನ್ನೇ ಅವನಿಂದ ಬೇಡುತ್ತಿದೆ.

ಇದಕ್ಕೆ ಹೊಸ ಕಾನೂನು ಬರುವತನಕ ಕಾಯಬೇಕಾದ್ದಿಲ್ಲ. ಶಬ್ದಗಳನ್ನು ತಿರುವಿ ನೋಡುವುದು ನನ್ನ ಕಸುಬು. ಹಾಗೆ ನೋಡುವಾಗ ೧೯೬೧ರ ಅಧಿನಿಯಮದ ಮೂವತ್ತೈದನೆಯ ಪ್ರಕರಣದಲ್ಲಿ ಒಂದು ಸಣ್ಣ ಪದ ಕಣ್ಣಿಗೆ ಬಿತ್ತು. ದೂರು ಬಂದ ಮೇಲಾಗಲಿ, ‘ಅನ್ಯಥಾ’ ಆಗಲಿ, ವಕೀಲನೊಬ್ಬನು ತಪ್ಪಿರುವನೆಂದು ನಂಬಲು ಕಾರಣವಿದ್ದರೆ ಪರಿಷತ್ತು ಅದನ್ನು ಶಿಸ್ತು ಸಮಿತಿಗೆ ಒಪ್ಪಿಸತಕ್ಕದ್ದು ಎಂದು ಅಲ್ಲಿದೆ. ಆ ‘ಅನ್ಯಥಾ’ ಎಂಬುದರಲ್ಲಿ ಎಷ್ಟು ಜಾಗವಿದೆ! ಮುದುಕನು ಬಂದು ಬಾಗಿಲು ತಟ್ಟಲೇಬೇಕೆಂದಿಲ್ಲ. ಪರಿಹಾರದ ಹಣ ಯಾರ ಕೈ ಸೇರಿತೆಂದು ತಿಳಿದ ನ್ಯಾಯಾಧೀಶರ ಒಂದು ಪತ್ರ ಸಾಕು. ಜೊತೆಯ ವಕೀಲರ ಒಂದು ಮಾತು ಸಾಕು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಫಲವಾಗಿ ಇಂದು ಜಿಲ್ಲೆ ತಾಲ್ಲೂಕುಗಳಲ್ಲಿಯೂ ಕಾನೂನು ನೆರವಿನ ಸಮಿತಿಗಳಿವೆ. ಸ್ತ್ರೀಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ವರ್ಗದವರಿಗೆ, ಅಂಗವಿಕಲರಿಗೆ ನೆರವು ಅಲ್ಲಿ ಹಕ್ಕಾಗಿಯೇ ಸಲ್ಲುತ್ತದೆ. ಅಲ್ಲಿ ಕುಳಿತವರು ವಕೀಲರ ಮೇಲಿನ ದೂರನ್ನೂ ಕನ್ನಡದಲ್ಲಿ ಬರೆದುಕೊಟ್ಟು ಕಳುಹಿಸುವಂತಾದರೆ ಅರ್ಧ ದಾರಿ ಸವೆದಂತೆ. ಹಣ ಕೈಸೇರಿದಾಗ ಕಕ್ಷಿಗಾರನಿಗೆ ನೇರವಾಗಿ ತಿಳಿವಳಿಕೆ ಹೋಗುವಂತಾದರೆ, ಅವನ ಖಾತೆಗೇ ಸೇರುವಂತಾದರೆ, ದೂರಿನ ಕಾರಣವೇ ಎಷ್ಟೋ ಕಡೆ ಹುಟ್ಟಲಾರದು.

ಉಳಿದದ್ದು ಆ ಐದನೆಯ ಆಜ್ಞೆ. ಅದನ್ನು ಬರೆಯಬೇಕಾದವರು ಶಾಸನಕರ್ತರು; ಬರೆಯಿರೆಂದು ಕೇಳಬೇಕಾದವರಲ್ಲಿ ವಕೀಲವೃಂದವೇ ಮೊದಲಿಗರಾಗಬೇಕು. ತನ್ನ ಮನೆಯ ಕಸವನ್ನು ತಾನೇ ಗುಡಿಸುವೆನೆಂದು ೧೯೬೧ರಲ್ಲಿ ಅಧಿಕಾರವನ್ನು ಪಡೆದ ವೃತ್ತಿಗೆ, ಮನೆಯೊಳಗೆ ಕಳೆದುಹೋದ ಅತಿಥಿಯ ಗಂಟನ್ನು ಹುಡುಕಿಕೊಡುವ ಹೊಣೆಯೂ ಸೇರಿದ್ದೇ. ಅಮಾನತು ಎಷ್ಟು ವರ್ಷದ್ದೆಂಬುದು ವಕೀಲರ ಚರಿತ್ರೆಯಲ್ಲಿ ದಾಖಲಾಗುತ್ತದೆ. ಹೆಬ್ಬೆಟ್ಟು ಒತ್ತಿದವನಿಗೆ ಆ ಚರಿತ್ರೆ ಬೇಕಾಗಿಲ್ಲ. ಅವನಿಗೆ ಬೇಕಾದದ್ದು ತಾನು ಒಪ್ಪಿಸಿದ್ದು. ಅದು ತಿರುಗಿ ಅವನ ಕೈಸೇರುವತನಕ ಆ ಹೆಬ್ಬೆಟ್ಟಿನ ಋಣ ತೀರಿತೆಂದು ಯಾವ ಶಿಸ್ತು ಸಮಿತಿಯೂ ಹೇಳಲಾರದು.